ಕಾರವಾರದ ಪೆಟ್ಟಿಗೆ ಅಂಗಡಿ: ಗೊತ್ತಿದ್ದವರು ಬರೆಯಿರಿ

ಕಾಜುಬಾಗದವ:

ಬೋರ್ಡ್ ಇಲ್ಲದೆ ಮೂರು ತಲೆಮಾರು ನಡೆದ ಅಂಗಡಿ ಕಾರವಾರದಲ್ಲಿ ಒಂದಿದೆ. ಹೆಣ ಇಟ್ಟು ಹೂಳುವ ಮರದ ಪೆಟ್ಟಿಗೆ ಮಾಡುತ್ತಿದ್ದ ಜಾಗ, ಅದಕ್ಕೇ ಹಳಬರು ಪೆಟ್ಟಿಗೆ ಅಂಗಡಿ ಅನ್ನುತ್ತಾರೆ. ಈಗಿನವರಿಗೆ ಅದು ಶವ ಇಡುವ ಫ್ರೀಜರ್ ಬಾಡಿಗೆಗೆ ಸಿಗುವ ಜಾಗ, ಇಲ್ಲಾ ಶವ ಸಾಗಿಸುವ ವ್ಯಾನಿನ ಫೋನ್ ನಂಬರ್, ಅಷ್ಟೇ. ಅದರ ಕಥೆ ಯಾರೂ ಬರೆದಿಟ್ಟಿಲ್ಲ. ಮನೆಯವರ ಹತ್ತಿರ ಕೂತು ಕೇಳಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಹೆಸರು, ಮನೆ ಗುರುತು ಬೇಡ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ನೀವೂ ಹಾಕಬೇಡಿ. ಸಾವಿನ ಕೆಲಸ ಮಾಡುವ ಮನೆ ಅಂದರೆ ಈಗಲೂ ಹೆಣ್ಣು ಕೇಳಲು ಹೋದಾಗ ಜನ ಮುಖ ತಿರುಗಿಸುತ್ತಾರೆ, ಅದು ನಿಮಗೂ ಗೊತ್ತು.

ಮೊದಲಿನ ಆಚಾರಿ ಅಜ್ಜ ಮಾಡುತ್ತಿದ್ದುದು ಬಾಗಿಲು, ಕಿಟಕಿ, ಮಂಚ, ತೊಟ್ಟಿಲು. ಮಳೆಗಾಲದಲ್ಲಿ ದೋಣಿಗಳು ದಡದಲ್ಲಿ ಮಲಗಿದಾಗ ಅವುಗಳ ರಿಪೇರಿ. ಇವರು ಹಿಂದೂ ಬಡಗಿಗಳು. ಪೆಟ್ಟಿಗೆ ಬೇಕಾಗುತ್ತಿದ್ದುದು ಕ್ರಿಶ್ಚಿಯನ್ ಮನೆಗಳಿಗೆ. ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ಬಡಿದರೆ ಬೆಳಗಾಗುವುದರೊಳಗೆ ಕೆಲಸ ಮುಗಿಯಬೇಕು, ಆಗ ಫ್ರೀಜರ್ ಎಲ್ಲಿತ್ತು? ತೊಟ್ಟಿಲು ಮಾಡುವ ಉಳಿಯಲ್ಲಿ ಅದನ್ನು ಮಾಡುವುದಿಲ್ಲ ಅಂತ ಬೇರೆ ಬಡಗಿಗಳು ಹಿಂದೆ ಸರಿಯುತ್ತಿದ್ದರಂತೆ. ಇವರು ಒಪ್ಪಿಕೊಂಡರು. ಅಲ್ಲಿಂದ ಶುರು.

ಹಲಗೆ ಹೆಚ್ಚಾಗಿ ಕಾಡುಮಾವು. ಅನುಕೂಲ ಇದ್ದವರಿಗೆ ಹಲಸು. ಸಾವಿನ ಮನೆಗೆ ಅಳತೆ ಪಟ್ಟಿ ಒಯ್ಯುತ್ತಿರಲಿಲ್ಲ. ತೆಂಗಿನ ನಾರಿನ ದಾರ ಒಯ್ದು, ಉದ್ದಕ್ಕೊಂದು ಗಂಟು, ಭುಜಕ್ಕೊಂದು ಗಂಟು ಹಾಕಿ ಜೇಬಿಗಿಟ್ಟುಕೊಂಡು ಬರುವುದು. ಅಳೆದದ್ದು ಯಾರಿಗೂ ಕಾಣಬಾರದು ಅಂತ. ಪೆಟ್ಟಿಗೆ ಭುಜದ ಹತ್ತಿರ ಅಗಲ, ಕಾಲಿನ ಕಡೆ ಸಪೂರ. ಭುಜದಲ್ಲಿ ಪಕ್ಕದ ಹಲಗೆ ಬಾಗಬೇಕಲ್ಲ, ಅದಕ್ಕೆ ಒಳಮೈಯಲ್ಲಿ ಗರಗಸದಿಂದ ಒತ್ತೊತ್ತಾಗಿ ನಾಲ್ಕೈದು ಗೀರು ಹಾಕುತ್ತಾರೆ, ಹಲಗೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಳಕ್ಕೆ. ಆಮೇಲೆ ಬಿಸಿನೀರು ಹೊಯ್ಯುತ್ತಾ ನಿಧಾನವಾಗಿ ಬಗ್ಗಿಸುವುದು. ಅವಸರ ಮಾಡಿದರೆ ಟಕ್ ಅಂತ ಮುರಿಯುತ್ತದೆ, ಮತ್ತೆ ಹೊಸ ಹಲಗೆ. ಸಂದಿಗಳಿಗೆ ರಾಳ, ಮರದ ಹುಡಿ ಕಲಸಿ ತುಂಬುತ್ತಿದ್ದರು. ದೋಣಿ ಕೆಲಸದ ಕೈ ಅಲ್ವಾ, ನೀರು ಒಳಗೆ ಬರದ ಹಾಗೆ ಮಾಡಲು ಕಲಿತದ್ದು ಇಲ್ಲಿ ಹೊರಗೆ ಹೋಗದ ಹಾಗೆ ಮಾಡಲು ಉಪಯೋಗಕ್ಕೆ ಬಂತು. ಮೇಲೆ ಕಪ್ಪು ಬಟ್ಟೆ. ಮಕ್ಕಳಿಗೆ, ಮದುವೆ ಆಗದವರಿಗೆ ಬಿಳಿ.

ಹಳೆಯ ಲೆಕ್ಕದ ವಹಿಯೊಂದು ಮನೆಯಲ್ಲಿದೆ. ಇಸವಿ ಬರೆದ ಪುಟ ಗೆದ್ದಲು ತಿಂದಿದೆ.

ಹಳೆ ಕಡತ:

ವಹಿಯಲ್ಲಿ ದುಡ್ಡು ಹೇಗೆ ಬರೆದಿದ್ದಾರೆ ನೋಡಿ. ಆಣೆ, ಪೈ ಇದ್ದರೆ ಅದು 1957ಕ್ಕೂ ಮೊದಲಿನದು. ನಯಾ ಪೈಸೆ ಬಂದದ್ದು ಆ ವರ್ಷ ಏಪ್ರಿಲ್ 1ಕ್ಕೆ. ಹಳ್ಳಿ ಕಡೆ ಜನ ಆಮೇಲೂ ಕೆಲವು ವರ್ಷ ಆಣೆಯಲ್ಲೇ ಲೆಕ್ಕ ಹಾಕಿದ್ದರು, ಅದನ್ನೂ ನೆನಪಲ್ಲಿಡಿ. ಭಾಷೆ ಯಾವುದು? ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಸರ್ಕಾರದ ಕೆಳಗಿತ್ತು. ಕಾರವಾರದ ಹಳೇ ಅಂಗಡಿ ಲೆಕ್ಕ ಮರಾಠಿಯಲ್ಲಿ ಸಿಕ್ಕರೆ ಆಶ್ಚರ್ಯ ಇಲ್ಲ.

ಕಾಜುಬಾಗದವ:

ಮುಕ್ಕಾಲು ಪಾಲು ಮರಾಠಿ, ಕೊನೆಯ ಪುಟಗಳು ಕನ್ನಡ. ರೂಪಾಯಿ, ಆಣೆ, ಪೈ ಮೂರೂ ಸಾಲು ಹಾಕಿದ್ದಾರೆ. ಅಂದರೆ ಅಜ್ಜನ ಕಾಲದ್ದೇ. ಇನ್ನೊಂದು ಸಂಗತಿ ಇದೆ. ಪೆಟ್ಟಿಗೆಗೆ ಹಾಕುವ ಹಿತ್ತಾಳೆ ಶಿಲುಬೆ, ಹಿಡಿಕೆ ಮಡಗಾವಿಯಿಂದ ಬರುತ್ತಿತ್ತಂತೆ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಗಡಿ ಬಿಗಿ ಆಯಿತಲ್ಲ, ಆಗ ಕೆಲವು ವರ್ಷ ಇವರೇ ಮರದ ಶಿಲುಬೆ ಕೆತ್ತಿ ಬಣ್ಣ ಹೊಡೆದು ಕೊಟ್ಟಿದ್ದಾರೆ. 1961ರ ಡಿಸೆಂಬರ್‌ನಲ್ಲಿ ಗೋವಾ ನಮ್ಮದಾದ ಮೇಲೆ ಹಿತ್ತಾಳೆ ಮತ್ತೆ ಬಂತು. ಮಾಜಾಳಿ ದಾಟಿದರೆ ಬೇರೆ ದೇಶ ಅನ್ನುವ ಕಾಲ ಅದು, ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ.

ಘಟ್ಟದ ಮೇಲಿನವಳು:

ಓದಿ ಖುಷಿ ಆಯಿತು ಅಂತ ಬರೆಯಲು ಸ್ವಲ್ಪ ಕಷ್ಟ ಆಗುತ್ತದೆ, ವಿಷಯ ಹಾಗಿದೆ. ಆದರೂ ಬರೆಯಿರಿ ಅಣ್ಣಾ.

ನಮ್ಮ ಶಿರಸಿ ಕಡೆ ಇದಕ್ಕೆ ಅಂಗಡಿ ಅನ್ನುವುದೇ ಇರಲಿಲ್ಲ. ಸುದ್ದಿ ಬಂದ ಕೂಡಲೇ ಕೇರಿಯವರು ಕತ್ತಿ ಹಿಡಿದು ಹೊರಡುತ್ತಿದ್ದರು. ಒಬ್ಬರು ಬಿದಿರು ತಂದು ಚಟ್ಟ ಕಟ್ಟುತ್ತಾರೆ, ಇಬ್ಬರು ಮಾವಿನ ಮರಕ್ಕೆ ಕೊಡಲಿ ಹಾಕುತ್ತಾರೆ, ಒಬ್ಬರು ಭಟ್ಟರಿಗೆ ಹೇಳಿ ಬರುತ್ತಾರೆ. ಹೆಂಗಸರು ಪಕ್ಕದ ಮನೆಯಲ್ಲಿ ಒಲೆ ಹಚ್ಚಿ ಬಂದವರಿಗೆ ಚಹಾ ಮಾಡುತ್ತಾರೆ. ಯಾರಿಗೂ ಯಾರೂ ಇಂಥದ್ದು ಮಾಡು ಅಂತ ಹೇಳಬೇಕಾಗಿರಲಿಲ್ಲ. ದುಡ್ಡಿನ ಮಾತು ಅಲ್ಲಿ ಬರುತ್ತಲೇ ಇರಲಿಲ್ಲ.

ಈಗ? ನಮ್ಮೂರಲ್ಲಿ ಹದಿನಾಲ್ಕು ಮನೆ. ಹೆಚ್ಚಿನ ಮನೆಯಲ್ಲಿ ವಯಸ್ಸಾದವರು ಇಬ್ಬರೇ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಹೆಗಲು ಕೊಡಲು ನಾಲ್ಕು ಗಂಡಸರನ್ನು ಒಟ್ಟು ಮಾಡುವುದೇ ಕಷ್ಟ. ನಮ್ಮ ದೊಡ್ಡಪ್ಪ ಹೋದಾಗ ಮಗ ಬರುವವರೆಗೆ ಇಡಬೇಕಿತ್ತು, ಪೇಟೆಯಿಂದ ಫ್ರೀಜರ್ ತಂದರು. ಕರೆಂಟು ಇತ್ತು, ಆದರೆ ವೋಲ್ಟೇಜ್ ಇಲ್ಲ. ಕಂಪ್ರೆಸರ್ ಗುರ್ ಅನ್ನುತ್ತದೆ, ನಿಲ್ಲುತ್ತದೆ. ಮತ್ತೆ ಗುರ್, ಮತ್ತೆ ನಿಲ್ಲುತ್ತದೆ. ತೋಟದ ಪಂಪ್‌ಸೆಟ್ಟು ಎಲ್ಲರೂ ಬಂದ್ ಮಾಡಿ ಅಂತ ಊರಿಗೆಲ್ಲ ಫೋನ್ ಮಾಡಿದ ಮೇಲೆ ಸರಿಯಾಗಿ ಓಡಿತು. ಊರವರು ಸೇರಿ ಮಾಡಿದ ಕೆಲಸ ಅಂದರೆ ಅದೇ, ಸ್ವಿಚ್ ಆರಿಸಿದ್ದು!

ಕಾಜುಬಾಗದವ:

ಅಕ್ಕಾ, ನೀವು ಹೇಳಿದ್ದೇ ಈ ಅಂಗಡಿಯ ಇತಿಹಾಸ. ನನಗೆ ಕಂಡದ್ದು ಇಷ್ಟು. ಇವರು ಯಾವತ್ತೂ ವ್ಯಾಪಾರ ದೊಡ್ಡದು ಮಾಡೋಣ ಅಂತ ಹೊರಟವರಲ್ಲ. ಊರು ಒಂದೊಂದು ಕೆಲಸ ಕೈಬಿಟ್ಟ ಹಾಗೆ ಅದು ಬಂದು ಇವರ ಅಂಗಳದಲ್ಲಿ ಬಿತ್ತು. ಅಜ್ಜನ ಕಾಲದಲ್ಲಿ ಪೆಟ್ಟಿಗೆ ಮಾತ್ರ. ಅಪ್ಪನ ಕಾಲಕ್ಕೆ ಹಿಂದೂಗಳೂ ಬಂದು ಚಟ್ಟದ ಬಿದಿರು, ಮಡಕೆ, ಬಿಳಿ ಬಟ್ಟೆ ಎಲ್ಲ ಒಂದೇ ಕಡೆ ಸಿಗುತ್ತದಾ ಅಂತ ಕೇಳಲು ಶುರು ಮಾಡಿದರು. ಪೇಟೆಯಲ್ಲಿ ಬಿದಿರು ಕಡಿಯಲು ಹಿತ್ತಲೆಲ್ಲಿದೆ? ಆಮೇಲೆ ಹಳೇ ಮೆಟಡೋರ್ ಒಂದು ತೆಗೆದುಕೊಂಡರು. ಆಮೇಲೆ ಫ್ರೀಜರ್. ಈಗ ಹೆಗಲು ಕೊಡಲು ನಾಲ್ಕು ಜನ ಬೇಕು ಅಂತಲೂ ಫೋನ್ ಬರುತ್ತದಂತೆ.

ಗಾಡಿ ತೆಗೆದುಕೊಂಡದ್ದಕ್ಕೆ ಕಾರಣ ನಮ್ಮ ಜಿಲ್ಲೆಯ ಹಣೆಬರಹ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಆಯಿತು, ಆದರೆ ತಲೆಗೆ ಪೆಟ್ಟು ಬಿದ್ದರೆ, ಹೃದಯದ ದೊಡ್ಡ ತೊಂದರೆ ಆದರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2019ರಲ್ಲಿ ಟ್ವಿಟರ್ ತುಂಬ ಕೂಗಿದ್ದು ನೆನಪಿದೆಯಲ್ಲ? ಹೋಗುವಾಗ ಆಂಬುಲೆನ್ಸ್‌ನಲ್ಲಿ ಹೋದವರು ಬರುವಾಗ ಇವರ ಗಾಡಿಯಲ್ಲಿ ಬರುತ್ತಾರೆ.

ಹೊನ್ನಾವರದವ, ಈಗ ಡಲ್ಲಾಸ್:

ಇಲ್ಲಿ ನಮ್ಮ ಬೀದಿಯ ತುದಿಯಲ್ಲಿ ಒಂದೇ ಮನೆತನದವರು ನಡೆಸುವ ಫ್ಯೂನರಲ್ ಹೋಮ್ ಇದೆ. ಹುಲ್ಲುಹಾಸು, ಬಿಳಿ ಕಂಬ, ನೋಡಲು ಮದುವೆ ಹಾಲ್. ಆದರೆ ಇಲ್ಲಿಯ ಕಥೆಯೂ ಬಡಗಿಯಿಂದಲೇ ಶುರು. ಕುರ್ಚಿ, ಕಪಾಟು ಮಾಡುವವನೇ ಪೆಟ್ಟಿಗೆ ಮಾಡುತ್ತಿದ್ದ, ಪಕ್ಕದ ಕುದುರೆ ಗಾಡಿಯವನು ಒಯ್ಯುತ್ತಿದ್ದ. ಎಷ್ಟೋ ಊರುಗಳಲ್ಲಿ ಫರ್ನಿಚರ್ ಅಂಗಡಿ, ಶವಸಂಸ್ಕಾರದ ಅಂಗಡಿ ಎರಡೂ ಒಬ್ಬನದೇ. ಹೆಣಕ್ಕೆ ಔಷಧಿ ಏರಿಸಿ ಕೆಡದ ಹಾಗೆ ಇಡುವುದು ಜೋರಾದದ್ದು 1861ರಿಂದ 65ರ ಅಂತರ್ಯುದ್ಧದಲ್ಲಿ, ದೂರದಲ್ಲಿ ಸತ್ತ ಸೈನಿಕರನ್ನು ಊರಿಗೆ ಕಳಿಸಬೇಕಿತ್ತಲ್ಲ. ಲಿಂಕನ್ ತೀರಿಕೊಂಡಾಗ ರೈಲಿನಲ್ಲಿ ಊರೂರು ಒಯ್ದರು, ಅದನ್ನು ನೋಡಿದ ಮೇಲೆ ಸಾಮಾನ್ಯ ಜನರೂ ಕೇಳತೊಡಗಿದರು.

ಇನ್ನೊಂದು ಮಜಾ. ಇಲ್ಲಿ 1960ರ ದಶಕದವರೆಗೂ ಸಣ್ಣ ಊರುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರೇ ಈ ಫ್ಯೂನರಲ್ ಹೋಮ್‌ನವರು. ಮಲಗಿಸಿ ಒಯ್ಯುವಷ್ಟು ಉದ್ದದ ಗಾಡಿ ಇದ್ದದ್ದು ಅವರ ಹತ್ತಿರ ಮಾತ್ರ.

ಬೈತಖೋಲ ಬೋಟ್:

ಹಹ, ನಮ್ಮಲ್ಲಿ ಉಲ್ಟಾ. ಆಂಬುಲೆನ್ಸ್ ಓಡಿಸುತ್ತಿದ್ದವರು ಈ ಕಡೆ ಇಳಿದರು.

ಈ ಮನೆಯವರ ಬಗ್ಗೆ ನಾನೊಂದು ಹೇಳಬೇಕು. ಸಮುದ್ರಕ್ಕೆ ಹೋದವರು ತಕ್ಷಣ ಸಿಗುವುದಿಲ್ಲ. ಎರಡು ಮೂರು ದಿನ ಬಿಟ್ಟು ಎಲ್ಲೋ ದಡ ಸೇರುತ್ತಾರೆ. ಆ ಸ್ಥಿತಿಯಲ್ಲಿ ಮುಟ್ಟಲು ಮನೆಯವರಿಗೇ ಧೈರ್ಯ ಬರುವುದಿಲ್ಲ. ಆಚಾರಿಯ ಮಗ ಒಂದು ಮಾತಾಡದೆ ಕೈ ಹಾಕುತ್ತಿದ್ದರು. ಮುಖ ಮುಚ್ಚಿಯೇ ತರುತ್ತಿದ್ದರು, ತಾಯಿ ಎಷ್ಟು ಅತ್ತರೂ ತೆರೆಯುತ್ತಿರಲಿಲ್ಲ, "ನೀ ನೋಡಿದ್ದ ಮುಖವೇ ಇರಲಿ ಅಮ್ಮಾ" ಅಂತ ಹೇಳುವುದನ್ನು ನಾನೇ ಕೇಳಿದ್ದೇನೆ. 2019ರ ಜನವರಿ 21ಕ್ಕೆ ಕೂರ್ಮಗಡ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರಲ್ಲ, ಆ ದಿನಗಳಲ್ಲಿ ಬಂದರಿನಲ್ಲಿ ನಿಂತವರಿಗೆ ಈ ಕೆಲಸ ಎಂಥದ್ದು ಅಂತ ಗೊತ್ತು.

ಕುಮಟಾ ಪೇಟೆ:

ಎಲ್ಲ ಸರಿ. ಆದರೆ ಈ ಧಂದೆಯಲ್ಲಿ ಸುಲಿಯುವವರೂ ಇದ್ದಾರೆ, ಅದನ್ನೂ ಬರೆಯಿರಿ. ನಮ್ಮ ಅತ್ತೆ ಹೊರ ಜಿಲ್ಲೆಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಗೇಟಿನಲ್ಲೇ ನಿಂತಿದ್ದ ವ್ಯಾನಿನವನು ಬಾಯಿಗೆ ಬಂದ ರೇಟ್ ಹೇಳಿದ. ಬೇರೆ ಗಾಡಿ ಕರೆಸುತ್ತೇವೆ ಅಂದರೆ ಒಳಗೆ ಬಿಡುವುದಿಲ್ಲ ಅಂತ ಗಲಾಟೆ. ಅಳುತ್ತಾ ನಿಂತವರ ಹತ್ತಿರ ಚೌಕಾಸಿ ಮಾಡಲು ಆಗುತ್ತದಾ? ಅವರಿಗೆ ಅದು ಗೊತ್ತು, ಅದಕ್ಕೇ ಹಾಗೆ ಕೇಳುತ್ತಾರೆ. ಕಥೆ ಚೆಂದ ಮಾಡಿ ಬರೆದರೆ ಸಾಲದು ಮಾರಾಯ್ರೆ.

ಕಾಜುಬಾಗದವ:

ಖಂಡಿತ ಇದ್ದಾರೆ. ನಾನು ಇಲ್ಲ ಅನ್ನಲಿಲ್ಲ. ಈ ಮನೆಯವರ ಲೆಕ್ಕ ಹೇಗೆ ಅಂತ ಕೇಳಿದ್ದೆ, ಬರೆಯುತ್ತೇನೆ, ಬೇರೆ ಕಡೆ ಮಾತಾಡುವಾಗ ಯಾರಿಗಾದರೂ ಉಪಯೋಗ ಆಗಬಹುದು. ಕಿಲೋಮೀಟರ್ ಹೋಗಿ ಬರುವ ಎರಡೂ ಕಡೆಗೆ ಹಾಕುತ್ತಾರೆ, ಯಾಕೆಂದರೆ ಒಂದು ಕಡೆ ಗಾಡಿ ಖಾಲಿ. ಅದರ ಮೇಲೆ ಡ್ರೈವರ್ ಭತ್ಯೆ, ಟೋಲ್. ಶವಾಗಾರದ ಮುಂದೆ ಕಾಯುವುದಕ್ಕೆ ಇವರು ದುಡ್ಡು ತೆಗೆದುಕೊಳ್ಳುವುದಿಲ್ಲ, ಹೆಚ್ಚಿನವರು ತೆಗೆದುಕೊಳ್ಳುತ್ತಾರೆ, ಜಗಳ ಬರುವುದೇ ಅಲ್ಲಿ. ಹಾಗಾಗಿ ಕಾಯುವ ಚಾರ್ಜ್ ಎಷ್ಟು ಅಂತ ಮೊದಲೇ ಕೇಳಿಬಿಡಿ. ದುಃಖದಲ್ಲಿರುವ ಮಗನ ಹತ್ತಿರ ಇವರು ರೇಟ್ ಮಾತಾಡುವುದಿಲ್ಲ, ಅಳಿಯನನ್ನೋ ಪಕ್ಕದ ಮನೆಯವರನ್ನೋ ಬದಿಗೆ ಕರೆದು ಹೇಳುತ್ತಾರೆ.

ವಹಿಯಲ್ಲಿ ಎಷ್ಟೋ ಹೆಸರಿನ ಮುಂದೆ ಬಾಕಿ ಅಂತ ಇದೆ. ಒಂದೆರಡು ಕಡೆ ಅಜ್ಜ ಗೀಟು ಎಳೆದು ಪಕ್ಕದಲ್ಲಿ "ಮೀನು" ಅಂತ ಬರೆದಿದ್ದಾರೆ. ದುಡ್ಡಿನ ಬದಲು ಮೀನು ಕೊಟ್ಟು ಲೆಕ್ಕ ಚುಕ್ತಾ. ಹಾಗಂತ ಇವರು ಧರ್ಮಾತ್ಮರು ಅಂತಲೂ ನಾನು ಹೇಳುತ್ತಿಲ್ಲ. ಅಪ್ಪನ ಕಾಲದಲ್ಲಿ ಬಾಕಿಗಾಗಿ ಒಬ್ಬರ ಮನೆ ಅಂಗಳದಲ್ಲಿ ಹೋಗಿ ಕೂತದ್ದೂ ಇದೆ.

ಭಟ್ಕಳ ಬಂದರ್:

ನಮ್ಮಲ್ಲಿ ಪೆಟ್ಟಿಗೆ ಮಣ್ಣಿಗೆ ಹೋಗುವುದಿಲ್ಲ. ಹೆಣ ಹೊರುವ ಜನಾಜಾ ಮಸೀದಿಯದ್ದು, ಖಬರಸ್ತಾನಕ್ಕೆ ಒಯ್ದು ದಫನ್ ಆದ ಮೇಲೆ ವಾಪಸ್ ತಂದಿಡುತ್ತಾರೆ. ಕಫನ್ ಬಟ್ಟೆ, ಸ್ನಾನ ಮಾಡಿಸುವುದು, ಗುಂಡಿ ತೋಡುವುದು ಎಲ್ಲ ಜಮಾತಿನವರೇ. ಅದಕ್ಕೇ ನಮ್ಮ ಕಡೆ ಇಂಥ ಅಂಗಡಿ ಬೆಳೆಯಲಿಲ್ಲ ಅನಿಸುತ್ತದೆ.

ನಮಗೆ ಪೆಟ್ಟಿಗೆ ಬರುವುದು ಗಲ್ಫ್‌ನಿಂದ. ಅದರ ಕಾಗದಪತ್ರ ಬೇರೆಯೇ ಕಥೆ. ಅಲ್ಲಿಯ ಮರಣ ಪತ್ರ, ಹೆಣ ಕೆಡದ ಹಾಗೆ ಔಷಧಿ ಏರಿಸಿದ್ದಕ್ಕೆ ಎಂಬಾಮಿಂಗ್ ಪತ್ರ, ನಮ್ಮ ರಾಯಭಾರ ಕಚೇರಿಯ ಒಪ್ಪಿಗೆ ಪತ್ರ, ರದ್ದು ಮಾಡಿದ ಪಾಸ್‌ಪೋರ್ಟ್. 2023ರ ಆಗಸ್ಟ್‌ನಿಂದ ಕೇಂದ್ರ ಆರೋಗ್ಯ ಇಲಾಖೆಯ ಇ-ಕೇರ್ ಅನ್ನುವ ಪೋರ್ಟಲ್ ಇದೆ, ಎಲ್ಲ ಅದರಲ್ಲೇ ಹಾಕಬೇಕು. ಮಂಗಳೂರಿಗೋ ಗೋವಾಕ್ಕೋ ಇಳಿದ ಮೇಲೆ ಗಾಡಿ ಬೇಕು. ಆ ಪೆಟ್ಟಿಗೆ ಮಾಮೂಲಿ ಪೆಟ್ಟಿಗೆಗಿಂತ ದೊಡ್ಡದು, ತುಂಬಾ ಭಾರ, ಸಣ್ಣ ವ್ಯಾನಿಗೆ ಹಿಡಿಸುವುದಿಲ್ಲ. ಬುಕ್ ಮಾಡುವಾಗಲೇ ಹೇಳಿ.

ವಾರ್ಡ್ ನಂಬರ್ ಮೂರು:

ನಾನು ನರ್ಸ್. ಕಾಗದದ ವಿಷಯ ಬಂತಲ್ಲ, ಎರಡು ಮಾತು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಸಾವಿನ ಕಾರಣ ಬರೆದ ನಮೂನೆ 4 ಡಾಕ್ಟರೇ ಮಾಡುತ್ತಾರೆ. ಮನೆಯಲ್ಲಿ ಆದರೆ ಕೊನೆಗೆ ನೋಡಿದ ಡಾಕ್ಟರಿಂದ 4ಎ ತೆಗೆದುಕೊಳ್ಳಬೇಕು. ನೋಂದಣಿಗೆ 21 ದಿನ ಗಡುವು. ಅದು ದಾಟಿದರೆ ದಂಡ, ಒಂದು ತಿಂಗಳು ದಾಟಿದರೆ ಮೇಲಿನವರ ಒಪ್ಪಿಗೆ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ. ಹನ್ನೊಂದು, ಹನ್ನೆರಡು, ಹದಿಮೂರು ಅಂತ ಕ್ರಿಯೆ ಮುಗಿಸಿ, ನೆಂಟರನ್ನೆಲ್ಲ ಕಳಿಸಿ ಕಣ್ಣು ಬಿಡುವಷ್ಟರಲ್ಲಿ ಗಡುವು ಹತ್ತಿರ ಬಂದಿರುತ್ತದೆ. ಈ ಅಂಗಡಿಯ ಮೊಮ್ಮಗಳು ಗಾಡಿ ಕಳಿಸುವಾಗಲೇ ಆಧಾರ್ ಜೆರಾಕ್ಸ್ ತೆಗೆದಿಟ್ಟುಕೊಳ್ಳಿ ಅಂತ ಹೇಳುವುದನ್ನು ನೋಡಿದ್ದೇನೆ. ಹುಷಾರಿ ಹುಡುಗಿ. ಅಪಘಾತ, ವಿಷ, ನೀರಿಗೆ ಬಿದ್ದದ್ದು ಅಂದರೆ ಪೊಲೀಸರು ಬರದೆ, ಪೋಸ್ಟ್‌ಮಾರ್ಟಮ್ ಆಗದೆ ಬಿಡುವುದಿಲ್ಲ, ಆಗ ಗಾಡಿಯವರ ಮೇಲೆ ಕೂಗಾಡಿ ಪ್ರಯೋಜನ ಇಲ್ಲ.

ಘಟ್ಟದ ಮೇಲಿನವಳು:

ಮಳೆಗಾಲದಲ್ಲಿ ಹೇಗೆ ಮಾಡುತ್ತಿದ್ದರು? ನಮ್ಮಲ್ಲಿ ಆಷಾಢದ ಮಳೆಯಲ್ಲಿ ತಗಡು ಹಿಡಿದು ನಿಂತು ಸುಟ್ಟದ್ದು ಇದೆ.

ಕಾಜುಬಾಗದವ:

ಅದೇ ದೊಡ್ಡ ಕಥೆ ಅಕ್ಕಾ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಯಲಲ್ಲಿ ಸುಡಲು ನಾಲ್ಕೈದು ಕ್ವಿಂಟಾಲ್ ಕಟ್ಟಿಗೆ ಬೇಕು, ಅದೂ ಒಣಗಿದ್ದು. ಅಜ್ಜನ ಕಾರ್ಖಾನೆ ಮಾಡಿನ ಕೆಳಗೆ ಹಲಗೆ ಒಣಗುತ್ತಿತ್ತಲ್ಲ, ಜನ ಕಟ್ಟಿಗೆಗೂ ಅಲ್ಲಿಗೇ ಬರತೊಡಗಿದರು. ಏಪ್ರಿಲ್‌ನಲ್ಲೇ ಮಾವಿನ ಕಟ್ಟಿಗೆ ಸೀಳಿ ಒಟ್ಟುವುದು ಅಪ್ಪನ ಕಾಲದಿಂದ ಪದ್ಧತಿ ಆಯಿತು. ಈಗ ಸ್ಮಶಾನಕ್ಕೆ ಮಾಡು, ಹೆಣ ಸುಡುವ ಸಿಲಿಕಾನ್ ಚೇಂಬರ್ ಎಲ್ಲ ಬಂದಿದೆ. ಕರಾವಳಿಯ ಎಷ್ಟೋ ಊರಿಗೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಕೊಟ್ಟಿದ್ದಾರೆ. ಬೆಂಕಿಯ ಕಾವು ಹೊರಗೆ ಹೋಗುವುದಿಲ್ಲ, ಕಟ್ಟಿಗೆ ಕಡಿಮೆ ಸಾಕು.

ಇನ್ನು ದಾರಿ. ಕಾಳಿ ಸೇತುವೆ ಆದದ್ದು 1983ರಲ್ಲಿ. ಅದಕ್ಕೂ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ನದಿ ದಾಟಿಯೇ ಹೋಗಬೇಕು. ಮಳೆಗಾಲದಲ್ಲಿ ಕಾಳಿ ಕೆಂಪಾಗಿ ಉಕ್ಕಿ ಬರುವಾಗ ಖಾಲಿ ಪೆಟ್ಟಿಗೆ ದೋಣಿಯಲ್ಲಿ ಇಟ್ಟುಕೊಂಡು ಆಚೆ ದಡಕ್ಕೆ ಹೋಗಿದ್ದಾರೆ ಅಜ್ಜ. ಜೊತೆಗೆ ಕೂರಲು ಬೇರೆ ಜನ ಒಪ್ಪುತ್ತಿರಲಿಲ್ಲ. ಹಾಗಾಗಿ ಪೆಟ್ಟಿಗೆಯೊಳಗೆ ಹುಲ್ಲು ತುಂಬಿ ಮೇಲೆ ಗೋಣಿ ಹೊದೆಸಿ, ಕಪಾಟು ಅಂತ ಹೇಳಿ ದಾಟಿಸುತ್ತಿದ್ದರಂತೆ!

ಅದೇ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿತ್ತು. ಅದಕ್ಕೂ ಮೂರು ವಾರ ಮೊದಲು, ಜುಲೈ 16ಕ್ಕೆ, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಬಂದ್ ಆಗಿತ್ತು. ಆ ಮಳೆಗಾಲ ಇವರಿಗೆ ದಕ್ಷಿಣಕ್ಕೂ ಸರಾಗ ಇಲ್ಲ, ಉತ್ತರಕ್ಕೂ ಸರಾಗ ಇಲ್ಲ. ಮಣಿಪಾಲದಿಂದ ಬರಬೇಕಾದ ಗಾಡಿ ಸುತ್ತು ಹಾಕಿ ಘಟ್ಟ ಹತ್ತಿ ಇಳಿದು ಬರಬೇಕು, ಮನೆಯಲ್ಲಿ ಜನ ಬೆಳಗಿನಿಂದ ಊಟ ಇಲ್ಲದೆ ಕಾಯುತ್ತಾರೆ, ಐದು ನಿಮಿಷಕ್ಕೊಂದು ಫೋನ್, ಎಲ್ಲಿ ಬಂತು, ಎಲ್ಲಿ ಬಂತು ಅಂತ.

ಹಳೆ ಕಡತ:

ಕೊರೊನಾ ಸಮಯದಲ್ಲಿ?

ಕಾಜುಬಾಗದವ:

ಅದರ ಬಗ್ಗೆ ಅವರು ಜಾಸ್ತಿ ಮಾತಾಡಲಿಲ್ಲ, ನಾನೂ ಕೆದಕಲಿಲ್ಲ. 2021ರ ಏಪ್ರಿಲ್, ಮೇ ಎರಡು ತಿಂಗಳು ಆಚಾರಿಯ ಮಗ ಮನೆಯೊಳಗೆ ಮಲಗಲಿಲ್ಲ, ಹಲಗೆ ಮಾಡಿನಲ್ಲೇ ಇದ್ದರು ಅಂತ ಅವರ ಹೆಂಡತಿ ಹೇಳಿದರು. ನಾಲ್ಕು ಜನ ಹೆಗಲು ಕೊಡುವುದು ಪೂರ್ತಿ ನಿಂತದ್ದು ಆಗಲೇ. ಪಿಪಿಇ ಹಾಕಿದ ಇಬ್ಬರು ಇಳಿಸಿ ಹೋಗುವುದು. ಒಮ್ಮೆ ನಿಂತದ್ದು ಎಷ್ಟೋ ಕೇರಿಗಳಲ್ಲಿ ಮತ್ತೆ ಶುರುವಾಗಲೇ ಇಲ್ಲ ಅನ್ನುವುದು ಅವರ ಅಭಿಪ್ರಾಯ. ನನಗೂ ಹಾಗೇ ಅನಿಸುತ್ತದೆ.

ಕುಮಟಾ ಪೇಟೆ:

ಒಪ್ಪುವುದಿಲ್ಲ. ನಮ್ಮ ಓಣಿಯಲ್ಲಿ ಈಗಲೂ ಜನ ಓಡಿ ಬರುತ್ತಾರೆ. ಪೇಟೆಯವರ ಕಥೆ ಇಟ್ಟುಕೊಂಡು ಇಡೀ ಜಿಲ್ಲೆ ಹೀಗೆ ಅನ್ನಬೇಡಿ. ಹಾಲಕ್ಕಿ ಜನರ ಕೇರಿಗಳಿಗೆ, ಆ ಕೊಪ್ಪಗಳಿಗೆ ಹೋಗಿ ನೋಡಿ, ಒಂದು ಸಾವು ಅಂದರೆ ಇಡೀ ಕೊಪ್ಪ ಅಲ್ಲಿರುತ್ತದೆ.

ಕಾಜುಬಾಗದವ:

ಇರಬಹುದು. ಇದ್ದರೆ ಒಳ್ಳೆಯದೇ, ಇವರಿಗೂ ಸ್ವಲ್ಪ ನಿದ್ದೆ ಸಿಗುತ್ತದೆ.

ಬೈತಖೋಲ ಬೋಟ್:

ಈಗ ಅಂಗಡಿ ಇದೆಯಾ? ರಸ್ತೆ ಅಗಲ ಮಾಡುವಾಗ ಮುಂದಿನ ಮಾಡು ಹೋಯಿತಲ್ಲ.

ಕಾಜುಬಾಗದವ:

ಮುಂದಿನ ಮಾಡು ಹೋಯಿತು, ಹಿಂದಿನದು ಇದೆ. ಪೆಟ್ಟಿಗೆ ಈಗ ರೆಡಿಮೇಡ್ ತರಿಸುತ್ತಾರೆ, ಪ್ಲೈವುಡ್‌ದು, ಮೂರು ಅಳತೆಯಲ್ಲಿ ಬರುತ್ತದೆ. ಆಚಾರಿಯ ಮಗನಿಗೆ ವಯಸ್ಸಾಗಿದೆ, ಕೈ ನಡುಗುತ್ತದೆ. ಯಾರಾದರೂ ಹಲಸಿನದ್ದೇ ಬೇಕು ಅಂತ ಹಟ ಹಿಡಿದರೆ ಮಾತ್ರ ಕೆಲಸದ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿಸುತ್ತಾರೆ, ಗೀರು ಹಾಕುವಾಗ ಬಯ್ಯುತ್ತಾ. ಮೊಮ್ಮಗ ಗೋವಾದಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ, ಬರುವುದಿಲ್ಲ ಅಂತ ಹೇಳಿದ್ದಾನೆ. ಮೊಮ್ಮಗಳೇ ಫೋನ್, ಗಾಡಿ, ಲೆಕ್ಕ ಎಲ್ಲ ನೋಡುತ್ತಾಳೆ. ರಾತ್ರಿ ಫೋನ್ ಮಾಡಿದವರು ಹೆಣ್ಣು ದನಿ ಕೇಳಿ "ಗಂಡಸರು ಯಾರಾದರೂ ಇದ್ದಾರಾ" ಅಂತ ಕೇಳುತ್ತಾರಂತೆ. "ಗಾಡಿ ಬೇಕಾ, ಗಂಡಸರು ಬೇಕಾ?" ಅಂತ ಇವಳು.

ಹಳೆ ಕಡತ:

ಆ ವಹಿಯನ್ನು ಗೆದ್ದಲಿಗೆ ಬಿಡಬೇಡಿ. ಫೋಟೋ ತೆಗೆದು ಇಟ್ಟರೂ ಸಾಕು. ಹಲಗೆಯ ರೇಟು, ಯಾವ ತಿಂಗಳು ಎಷ್ಟು ಪೆಟ್ಟಿಗೆ ಹೋಯಿತು, ಮಕ್ಕಳ ಬಿಳಿ ಪೆಟ್ಟಿಗೆ ಯಾವ ವರ್ಷ ಜಾಸ್ತಿ ಅಂತ ನೋಡಿದರೆ ಊರಲ್ಲಿ ಯಾವಾಗ ಯಾವ ಕಾಯಿಲೆ ಬಂದಿತ್ತು ಅನ್ನುವುದೂ ತಿಳಿದೀತು.

ಕಾಜುಬಾಗದವ:

ಮೊಮ್ಮಗಳಿಗೆ ಕೇಳಿದೆ. ಹೆಸರಿನ ಸಾಲು ಮುಚ್ಚಿ ತೆಗೆಯುವುದಾದರೆ ಅಡ್ಡಿಯಿಲ್ಲ ಅಂದಳು, ಬಾಕಿ ಇರುವವರ ಮೊಮ್ಮಕ್ಕಳು ಇಲ್ಲೇ ಇದ್ದಾರೆ. ಹಳೇ ಮರಾಠಿ ಕೈಬರಹ ಓದಲು ಬರುವವರು ಯಾರಾದರೂ ಇದ್ದರೆ ನನಗೆ ಮೆಸೇಜ್ ಮಾಡಿ, ಒಟ್ಟಿಗೆ ಹೋಗೋಣ. ಭಾನುವಾರ ಮಾತ್ರ ಬೇಡ. ನೆಂಟರಿಗೆಲ್ಲ ರಜೆ ಅಂತ ಮಣ್ಣು ಮಾಡುವುದನ್ನು ಆವತ್ತಿಗೇ ಇಟ್ಟುಕೊಳ್ಳುತ್ತಾರೆ, ಅವರ ಗಾಡಿ ಒಂದು ನಿಮಿಷ ನಿಲ್ಲುವುದಿಲ್ಲ.